ಚದುರಂಗದ ಗಣಕಕ್ಕೆ ಅಳತೆಗೋಲು ಯಾವುದು?

1998ರ ಜುಲೈ ತಿಂಗಳು. ಇಟಲಿಯ ಇಸ್ಕಿಯಾ ದ್ವೀಪದಲ್ಲಿ ವಿಶ್ವನಾಥನ್ ಆನಂದ್ ಒಂದು ಕಂಪ್ಯೂಟರ್ ಪ್ರೋಗ್ರಾಂ ಎದುರು ಎಂಟು ಆಟಗಳನ್ನು ಆಡಿದರು. ಹಾಲೆಂಡಿನ ಎಡ್ ಶ್ರೋಡರ್ ಬರೆದ ಆ ಪ್ರೋಗ್ರಾಮಿನ ಹೆಸರು ‘ರೆಬೆಲ್ 10’. ಆಗ ಆನಂದ್ ರೇಟಿಂಗ್ ಪಟ್ಟಿಯಲ್ಲಿ ಜಗತ್ತಿನ ಎರಡನೆಯ ಆಟಗಾರ. ಅಂತಿಮ ಫಲಿತಾಂಶ ಹೀಗಿತ್ತು: ರೆಬೆಲ್ 5, ಆನಂದ್ 3.

ಹಾಗಾದರೆ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ ಒಂದು ಪ್ರೋಗ್ರಾಂ ಆನಂದ್‌ಗಿಂತ ಬಲಶಾಲಿ ಎಂದಾಯಿತೆ? ಮೊತ್ತವನ್ನಷ್ಟೇ ನೋಡಿದರೆ ಹೌದು. ಆದರೆ ಮೊತ್ತವನ್ನು ಬಿಡಿಸಿ ನೋಡಿದರೆ ಕಥೆ ಬೇರೆ. ಎಂಟರಲ್ಲಿ ನಾಲ್ಕು ಆಟಗಳು ತಲಾ ಐದು ನಿಮಿಷದ ಮಿಂಚಿನಾಟಗಳು. ಅವುಗಳಲ್ಲಿ ಯಂತ್ರ 3-1ರಿಂದ ಗೆದ್ದಿತು. ಎರಡು ಆಟಗಳು ಹದಿನೈದು ನಿಮಿಷದವು. ಅಲ್ಲಿಯೂ ಯಂತ್ರಕ್ಕೆ ಒಂದೂವರೆ, ಆನಂದ್‌ಗೆ ಅರ್ಧ. ಉಳಿದೆರಡು ಗಂಟೆಗಟ್ಟಲೆ ಯೋಚಿಸಲು ಬಿಡುವ, ಪಂದ್ಯಾವಳಿಯ ನಿಯಮದ ಆಟಗಳು. ಅವುಗಳಲ್ಲಿ ಒಂದೂವರೆ ಅಂಕ ಪಡೆದವರು ಆನಂದ್. ಅದೇ ಆಟಗಾರ, ಅದೇ ಯಂತ್ರ, ಅದೇ ವಾರ. ಗಡಿಯಾರ ಬದಲಾದಂತೆ ಗೆದ್ದವರೂ ಬದಲಾದರು.

ಚದುರಂಗ ಆಡುವ ಕಂಪ್ಯೂಟರುಗಳ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಯಂತ್ರ ಎಂದು ಮನುಷ್ಯನನ್ನು ಸೋಲಿಸಿತು ಎಂಬುದನ್ನೇ ಹೇಳುತ್ತಾರೆ. ಅದರ ಬೆನ್ನಿಗೇ ಸಾಗಿಬಂದ ಇನ್ನೊಂದು ಇತಿಹಾಸವಿದೆ. ಯಂತ್ರದ ಬಲವನ್ನು ತೂಗುವುದು ಹೇಗೆ, ಯಾವ ತಕ್ಕಡಿಯಲ್ಲಿ, ಯಾವ ತೂಕದ ಕಲ್ಲಿನಿಂದ ಎಂಬ ಜಗಳದ ಇತಿಹಾಸ ಅದು. ಈ ಜಗಳದಲ್ಲಿ ಬಾಜಿ ಕಟ್ಟಿದವರಿದ್ದಾರೆ, ವ್ಯಾಪಾರ ಮಾಡಿದವರಿದ್ದಾರೆ, ಯಾವ ಲಾಭವೂ ಇಲ್ಲದೆ ವರ್ಷಗಟ್ಟಲೆ ಸಂಜೆಗಳನ್ನು ಕಳೆದ ಹವ್ಯಾಸಿಗಳೂ ಇದ್ದಾರೆ.

ಅಳತೆಯಿಲ್ಲದ ಕಾಲ

ಮೊದಮೊದಲು ಅಳತೆಯ ಪ್ರಶ್ನೆಯೇ ಏಳಲಿಲ್ಲ. ಯಂತ್ರ ನಿಯಮ ತಪ್ಪದೆ ಆಡಿದರೆ ಅದೇ ದೊಡ್ಡದಾಗಿತ್ತು. 1952ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ತಾವು ರೂಪಿಸಿದ ಚದುರಂಗದ ಪ್ರೋಗ್ರಾಮನ್ನು ಓಡಿಸಲು ತಕ್ಕ ಯಂತ್ರವಿಲ್ಲದೆ, ತಾವೇ ಯಂತ್ರದಂತೆ ಕುಳಿತು, ಕಾಗದದ ಮೇಲೆ ಲೆಕ್ಕ ಹಾಕಿ ನಡೆಗಳನ್ನು ನಡೆಸಿದರು. ಎದುರಾಳಿ ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿ. 29ನೆಯ ನಡೆಗೆ ‘ಕಾಗದದ ಯಂತ್ರ’ ಸೋತಿತು. ಅದಕ್ಕೂ ಎರಡು ವರ್ಷ ಮುಂಚೆ, 1950ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ ಕಂಪ್ಯೂಟರಿಗೆ ಚದುರಂಗ ಕಲಿಸುವ ಬಗೆಯನ್ನು ಕುರಿತು ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದರು. ಮುಂದಿನ ನಡೆಗಳ ಕವಲುಗಳನ್ನು ಮರದಂತೆ ಹರಡಿ, ತುದಿಯಲ್ಲಿ ಸಿಗುವ ಸ್ಥಿತಿಗಳಿಗೆ ಅಂಕ ಕೊಟ್ಟು, ಒಳ್ಳೆಯ ಅಂಕದ ದಾರಿಯನ್ನು ಆರಿಸುವುದು ಅದರ ತಿರುಳು. ಮುಂದಿನ ಅರ್ಧ ಶತಮಾನದ ಪ್ರೋಗ್ರಾಮುಗಳೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆದವು.

ಅಳತೆಗೋಲು ಇಲ್ಲದ ಕಡೆ ಬಾಯಿಮಾತೇ ಅಳತೆ. ಹತ್ತು ವರ್ಷದೊಳಗೆ ಕಂಪ್ಯೂಟರ್ ವಿಶ್ವ ಚಾಂಪಿಯನ್ ಆಗುತ್ತದೆ ಎಂದು 1957ರಲ್ಲಿ ಹರ್ಬರ್ಟ್ ಸೈಮನ್ ಸಾರಿದರು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ವಿದ್ವಾಂಸ ಅವರು. ಆದರೆ ಈ ಭವಿಷ್ಯ ಮೂವತ್ತು ವರ್ಷ ತಪ್ಪಿತು. ಇನ್ನೊಂದು ಕಡೆ ಹ್ಯೂಬರ್ಟ್ ಡ್ರೈಫಸ್ ಎಂಬ ತತ್ವಶಾಸ್ತ್ರಜ್ಞರು, ಹತ್ತು ವರ್ಷದ ಹುಡುಗನೊಬ್ಬ ಯಂತ್ರವನ್ನು ಸೋಲಿಸಿದ್ದನ್ನು 1965ರಲ್ಲಿ ಎತ್ತಿ ತೋರಿಸಿ ಈ ಉತ್ಸಾಹವನ್ನು ಗೇಲಿ ಮಾಡಿದರು. 1967ರಲ್ಲಿ ಅವರನ್ನೇ ಒಂದು ಪ್ರೋಗ್ರಾಂ ಎದುರು ಕೂರಿಸಲಾಯಿತು, ಅವರು ಸೋತರು. ಡ್ರೈಫಸ್ ಎಷ್ಟು ಚೆನ್ನಾಗಿ ಆಡುತ್ತಿದ್ದರು ಎಂದು ಯಾರೂ ಅಳೆದಿರಲಿಲ್ಲವಾದ್ದರಿಂದ ಆ ಗೆಲುವು ಏನನ್ನೂ ಹೇಳುವಂತಿರಲಿಲ್ಲ.

ಡ್ರೈಫಸ್ ಅವರನ್ನು ಸೋಲಿಸಿದ ಪ್ರೋಗ್ರಾಂ ‘ಮ್ಯಾಕ್ ಹ್ಯಾಕ್’. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದದ್ದು. ಅಳತೆಯ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. 1967ರ ಜನವರಿಯಲ್ಲಿ ಗ್ರೀನ್‌ಬ್ಲಾಟ್ ಈ ಪ್ರೋಗ್ರಾಮನ್ನು ಸಾಮಾನ್ಯ ಆಟಗಾರರು ಆಡುವ ಬಾಸ್ಟನ್ನಿನ ಪಂದ್ಯಾವಳಿಗೇ ಕಳಿಸಿದರು. ಮೊದಲ ಪಂದ್ಯಾವಳಿಯಲ್ಲಿ ಒಂದೂ ಗೆಲುವಿಲ್ಲ. ಒಂದು ಡ್ರಾ, ಉಳಿದದ್ದೆಲ್ಲ ಸೋಲು. ಕೊನೆಯಲ್ಲಿ ಸಿಕ್ಕಿದ್ದು 1243 ಎಂಬ ಒಂದು ಸಂಖ್ಯೆ. ಹೆಮ್ಮೆಪಡುವಂಥ ಸಂಖ್ಯೆಯೇನಲ್ಲ, ಕ್ಲಬ್ಬಿನ ಹೊಸಬರ ಮಟ್ಟ. ಆದರೆ ಯಂತ್ರವನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಮೊದಲ ಸಂಖ್ಯೆ ಅದು.

ಪ್ರೊಫೆಸರ್ ಈಲೋ ಕೊಟ್ಟ ತಕ್ಕಡಿ

ಆ ಸಂಖ್ಯೆ ಎಲ್ಲಿಂದ ಬಂತು? ಆರ್ಪಾಡ್ ಈಲೋ ಹಂಗರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮಿಲ್ವಾಕಿ ನಗರದ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರು, ಸ್ವತಃ ಒಳ್ಳೆಯ ಚದುರಂಗದ ಆಟಗಾರರು. ಅವರು ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲೂ ಅಂತರರಾಷ್ಟ್ರೀಯ ಸಂಸ್ಥೆ ‘ಫಿಡೆ’ 1970ರಲ್ಲೂ ಒಪ್ಪಿಕೊಂಡವು.

ಪದ್ಧತಿ ಕೇಳಲು ಕಷ್ಟ ಎನಿಸಿದರೂ ಒಳಗಿನ ವಿಚಾರ ಸರಳ. ಇಬ್ಬರ ರೇಟಿಂಗ್ ಸಮವಾಗಿದ್ದರೆ ಇಬ್ಬರಿಗೂ ನೂರಕ್ಕೆ ಐವತ್ತು ಅಂಕ ಸಿಗಬೇಕು. ವ್ಯತ್ಯಾಸ 100 ಇದ್ದರೆ ಬಲಶಾಲಿಗೆ ನೂರಕ್ಕೆ 64, 200 ಇದ್ದರೆ 76, 400 ಇದ್ದರೆ 91. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. 2500 ಇರುವವರು 2300ರವರನ್ನು ಗೆದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಸಿಗುವುದು ಚಿಲ್ಲರೆ ಅಂಕ. ಸೋತರೆ ಮಾತ್ರ ಅದರ ಮೂರು ಪಟ್ಟು ಕಳೆದುಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮುಂದಿನ ಎಲ್ಲ ತಕರಾರುಗಳ ಬೇರು ಇರುವುದೂ ಇಲ್ಲೇ. ಉಷ್ಣಮಾಪಕದಲ್ಲಿ ನೀರು ಹೆಪ್ಪುಗಟ್ಟುವ ಬಿಂದುವಿದೆ, ಕುದಿಯುವ ಬಿಂದುವಿದೆ. ಈಲೋ ಪಟ್ಟಿಯಲ್ಲಿ ಅಂಥ ಬಿಂದು ಯಾವುದೂ ಇಲ್ಲ. ಅದು ಹೇಳುವುದು ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರವನ್ನು ಮಾತ್ರ, ಅದೂ ಒಂದೇ ಗುಂಪಿನೊಳಗೆ ಆಡುತ್ತಿರುವವರಿಗೆ. ಊರ ಸಂತೆಯಲ್ಲಿ ಎಲ್ಲರೂ ಒಂದೇ ಸೇರಿನಲ್ಲಿ ಅಳೆಯುತ್ತಿದ್ದರೆ ವ್ಯವಹಾರ ಸರಿಯಾಗಿಯೇ ನಡೆಯುತ್ತದೆ. ಪಕ್ಕದ ಊರಿನ ಸೇರು ದೊಡ್ಡದೋ ಚಿಕ್ಕದೋ ಎಂಬುದು ಅಲ್ಲಿಂದ ಯಾರಾದರೂ ಬಂದು ವ್ಯಾಪಾರ ಮಾಡುವವರೆಗೆ ತಿಳಿಯುವುದಿಲ್ಲ. ಈಲೋ ಅವರಿಗೆ ತಮ್ಮ ಅಳತೆಯ ಮಿತಿ ಚೆನ್ನಾಗಿ ಗೊತ್ತಿತ್ತು. ಅಲೆಯ ಮೇಲೆ ಕುಣಿಯುವ ಬೆಂಡನ್ನು, ಗಾಳಿಗೆ ತೂಗುವ ಹಗ್ಗಕ್ಕೆ ಕಟ್ಟಿದ ಕೋಲಿನಿಂದ ಅಳೆಯುವುದಕ್ಕೆ ಅವರು ಈ ಕೆಲಸವನ್ನು ಹೋಲಿಸಿದ್ದರು. 1992ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಕೋಲನ್ನು ಜಗತ್ತು ಉಕ್ಕಿನ ಮಾಪಕದಂತೆ ನಂಬಿಬಿಟ್ಟಿತ್ತು.

ಹತ್ತು ವರ್ಷದ ಬಾಜಿ

ರೇಟಿಂಗ್‌ಗಿಂತ ಜನರಿಗೆ ರುಚಿಸಿದ್ದು ಬಾಜಿ. 1968ರಲ್ಲಿ ಎಡಿನ್‌ಬರೋದಲ್ಲಿ ನಡೆದ ಒಂದು ಕೂಟದಲ್ಲಿ ಸ್ಕಾಟ್ಲೆಂಡಿನ ಯುವ ಆಟಗಾರ ಡೇವಿಡ್ ಲೆವಿ, ಕೃತಕ ಬುದ್ಧಿಮತ್ತೆಯ ಮೊದಲಿಗರಲ್ಲಿ ಒಬ್ಬರಾದ ಜಾನ್ ಮೆಕಾರ್ಥಿ ಅವರೊಡನೆ ಚದುರಂಗ ಆಡಿ ಗೆದ್ದರು. ನೀವು ನನ್ನನ್ನು ಸೋಲಿಸಬಹುದು, ಆದರೆ ಹತ್ತು ವರ್ಷದೊಳಗೆ ನಿಮ್ಮನ್ನು ಸೋಲಿಸುವ ಯಂತ್ರ ಬರುತ್ತದೆ ಎಂಬ ಧಾಟಿಯಲ್ಲಿ ಮಾತು ಬೆಳೆಯಿತು. ಲೆವಿ ಬಾಜಿ ಕಟ್ಟಿದರು. 500 ಪೌಂಡಿನಿಂದ ಆರಂಭವಾದ ಮೊತ್ತ ಇನ್ನಷ್ಟು ವಿಜ್ಞಾನಿಗಳು ಸೇರಿಕೊಂಡ ಮೇಲೆ 1,250 ಪೌಂಡಿಗೆ ಏರಿತು.

ಗಡುವು ಮುಗಿಯುವ ಹೊತ್ತಿಗೆ, 1978ರ ಆಗಸ್ಟ್‌ನಲ್ಲಿ, ಟೊರಾಂಟೋದಲ್ಲಿ ಲೆವಿ ಎದುರು ನಿಂತದ್ದು ಆ ಕಾಲದ ಅತ್ಯಂತ ಬಲಶಾಲಿ ಪ್ರೋಗ್ರಾಂ ‘ಚೆಸ್ 4.7’. ಆರು ಆಟಗಳ ಪಂದ್ಯ. ಮೊದಲ ಆಟದಲ್ಲಿ ಲೆವಿ ಸೋಲಿನ ಅಂಚಿಗೆ ಹೋಗಿ ಹೇಗೋ ಡ್ರಾ ಮಾಡಿಕೊಂಡರು. ಎರಡನೆಯ ಮತ್ತು ಮೂರನೆಯ ಆಟಗಳಲ್ಲಿ ಅವರು ದಾಳಿ ಮಾಡಲಿಲ್ಲ, ಬಲೆ ಒಡ್ಡಲಿಲ್ಲ. ಏನೂ ಮಾಡದೆ, ಆದರೆ ಆ ‘ಏನೂ ಮಾಡದಿರುವುದನ್ನು’ ಚೆನ್ನಾಗಿ ಮಾಡುತ್ತ, ಯಂತ್ರ ತಾನಾಗಿ ತನ್ನ ಕೋಟೆಯ ಗೋಡೆ ಒಡೆದುಕೊಳ್ಳುವವರೆಗೆ ಕಾದರು. ಎರಡೂ ಗೆದ್ದರು. ನಾಲ್ಕನೆಯ ಆಟದಲ್ಲಿ ಯಂತ್ರವನ್ನು ಅದರ ಇಷ್ಟದ ಬಯಲಿನಲ್ಲೇ ಎದುರಿಸಿ ನೋಡೋಣವೆಂದು ಚುರುಕಿನ ಆಟಕ್ಕಿಳಿದರು, ಸೋತರು. ಪಂದ್ಯಾವಳಿಯ ನಿಯಮದಡಿ ಇಂಟರ್‌ನ್ಯಾಷನಲ್ ಮಾಸ್ಟರ್ ಒಬ್ಬರ ಮೇಲೆ ಯಂತ್ರ ಪಡೆದ ಮೊದಲ ಗೆಲುವು ಅದು. ಐದನೆಯ ಆಟಕ್ಕೆ ಮತ್ತೆ ಹಳೆಯ ತಂತ್ರ. 3½-1½ರಿಂದ ಲೆವಿ ಬಾಜಿ ಗೆದ್ದರು.

ಈ ಐದು ಆಟಗಳು ಅಳತೆಯ ಬಗ್ಗೆ ಕಲಿಸಿದ ಪಾಠ ದೊಡ್ಡದು. ಯಂತ್ರದ ಸ್ವಭಾವ ಬಲ್ಲವನಿಗೆ ಅದು ಒಂದು ಮಟ್ಟದ್ದು. ತಿಳಿಯದೆ ಮನುಷ್ಯನೊಡನೆ ಆಡುವಂತೆ ಆಡುವವನಿಗೆ ಅದೇ ಯಂತ್ರ ಇನ್ನೂರು ಅಂಕ ಎತ್ತರದ್ದು. ಯಾವುದು ನಿಜವಾದ ಬಲ? ಇಲ್ಲಿ ಉತ್ತರಕ್ಕಿಂತ ಪ್ರಶ್ನೆಯೇ ಹೆಚ್ಚು ಪ್ರಾಮಾಣಿಕ ಎನ್ನಬೇಕು. ಅಂದಹಾಗೆ, ಹನ್ನೊಂದು ವರ್ಷಗಳ ಬಳಿಕ, 1989ರಲ್ಲಿ, ‘ಡೀಪ್ ಥಾಟ್’ ಯಂತ್ರದ ಎದುರು ಅದೇ ಲೆವಿ ಅದೇ ತಂತ್ರ ಹಿಡಿದು ಕುಳಿತರು. ನಾಲ್ಕು ಆಟಗಳಲ್ಲಿ ನಾಲ್ಕನ್ನೂ ಸೋತರು.

ಪ್ರಶ್ನೆಪತ್ರಿಕೆ ಮತ್ತು ಗೈಡು

ಪಂದ್ಯಾವಳಿಗೆ ಕಳಿಸಿ ರೇಟಿಂಗ್ ತರಿಸುವುದು ನಿಧಾನದ ಕೆಲಸ. ಪ್ರೋಗ್ರಾಂ ಬರೆಯುವವರಿಗೆ ಬೇಕಿದ್ದದ್ದು ಸಂಜೆ ಒಂದು ತಿದ್ದುಪಡಿ ಮಾಡಿದರೆ ಮರುದಿನ ಬೆಳಿಗ್ಗೆ ಫಲಿತಾಂಶ ಹೇಳುವ ಪರೀಕ್ಷೆ. 1982ರಲ್ಲಿ ಸ್ಲೊವೇನಿಯದ ಇವಾನ್ ಬ್ರಾಟ್ಕೊ ಮತ್ತು ಅಮೆರಿಕದ ಡ್ಯಾನಿ ಕೋಪೆಕ್ 24 ಸ್ಥಿತಿಗಳ ಪ್ರಶ್ನೆಪತ್ರಿಕೆಯೊಂದನ್ನು ಪ್ರಕಟಿಸಿದರು. ಪ್ರತಿಯೊಂದಕ್ಕೂ ಎರಡು ನಿಮಿಷ. ಅತ್ಯುತ್ತಮ ನಡೆಯನ್ನು ಹೇಳಬೇಕು. ಅರ್ಧ ಪ್ರಶ್ನೆಗಳು ಹೊಡೆತ-ಪ್ರತಿಹೊಡೆತದ ಲೆಕ್ಕಾಚಾರದವು. ಇನ್ನರ್ಧ ಪದಾತಿಯೊಂದನ್ನು ಮುಂದೂಡಿ ಎದುರಾಳಿಯ ಪದಾತಿಗಳ ಸಾಲನ್ನು ಸಡಿಲಗೊಳಿಸುವ, ದೂರದ ಫಲ ನೋಡುವ ನಡೆಗಳು.

ಈ ವಿಭಜನೆಯೇ ಅದರ ಜಾಣತನ. ಮೊದಲ ಬಗೆಯ ಪ್ರಶ್ನೆಗಳಲ್ಲಿ ಯಂತ್ರಗಳು ತಮ್ಮ ಮಟ್ಟದ ಮನುಷ್ಯರಿಗಿಂತ ಮುಂದಿದ್ದವು. ಎರಡನೆಯದರಲ್ಲಿ ಹಿಂದೆ ಬಿದ್ದವು. ಬಲ ಎಂಬುದು ಒಂದೇ ಸರಕಲ್ಲ, ಕನಿಷ್ಠ ಎರಡು ಸರಕುಗಳ ಮಿಶ್ರಣ ಎಂಬುದನ್ನು ಈ 24 ಪ್ರಶ್ನೆಗಳು ತೋರಿಸಿದವು. ಫ್ರೆಡ್ ರೈನ್‌ಫೆಲ್ಡ್ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕವೊಂದರ 300 ಸಮಸ್ಯೆಗಳೂ ಇದೇ ರೀತಿ ಯಂತ್ರಗಳ ಪರೀಕ್ಷಾ ಪತ್ರಿಕೆಯಾದವು.

ಆದರೆ ಪ್ರಶ್ನೆಪತ್ರಿಕೆ ಬಹಿರಂಗವಾದರೆ ಏನಾಗುತ್ತದೆಂದು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಠ್ಯ ಬಿಟ್ಟು ಗೈಡು ಓದುವವರು ಅಲ್ಲೂ ಇದ್ದರು. ಆ 24 ಸ್ಥಿತಿಗಳಿಗೆ ಸರಿಯುತ್ತರ ಬರುವವರೆಗೆ ಪ್ರೋಗ್ರಾಮನ್ನು ತಿದ್ದುವುದು ಕಷ್ಟವಲ್ಲ. ಹಾಗೆ ತಿದ್ದಿದ ಪ್ರೋಗ್ರಾಂ 25ನೆಯ ಸ್ಥಿತಿಯಲ್ಲಿ ಮುಗ್ಗರಿಸಬಹುದು. ಇನ್ನೊಂದು ತೊಡಕೂ ಇತ್ತು: ಪರೀಕ್ಷೆಯಲ್ಲಿ ‘ಇಲ್ಲೊಂದು ಒಳ್ಳೆಯ ನಡೆಯಿದೆ’ ಎಂಬ ಸುಳಿವು ಮೊದಲೇ ಸಿಕ್ಕಿರುತ್ತದೆ. ನಿಜವಾದ ಆಟದಲ್ಲಿ ಹಾಗೆಂದು ಕಿವಿಯಲ್ಲಿ ಉಸುರುವವರು ಯಾರೂ ಇಲ್ಲ.

ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬೇರೆಯೇ ದಾರಿ ಹಿಡಿದರು. ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಇವರು ಜೋ ಕಾಂಡನ್ ಜೊತೆ ಸೇರಿ ಚದುರಂಗಕ್ಕಾಗಿಯೇ ‘ಬೆಲ್’ ಎಂಬ ಯಂತ್ರ ತಯಾರಿಸಿದ್ದರು. 1983ರಲ್ಲಿ ಅಮೆರಿಕದ ರೇಟಿಂಗ್‌ನಲ್ಲಿ ಮಾಸ್ಟರ್ ಮಟ್ಟ ಮುಟ್ಟಿದ ಮೊದಲ ಯಂತ್ರ ಅದೇ. ಥಾಂಪ್ಸನ್ ತಮ್ಮ ಯಂತ್ರವನ್ನು ಅದರ ಮೇಲೇ ಆಡಿಸಿದರು. ಒಂದು ಪ್ರತಿ ನಾಲ್ಕು ಅರ್ಧನಡೆಗಳಷ್ಟು ಮುಂದೆ ನೋಡಿದರೆ ಇನ್ನೊಂದು ಐದು, ಮತ್ತೊಂದು ಆರು. ಒಂದು ಹೆಜ್ಜೆ ಹೆಚ್ಚು ಮುಂದೆ ನೋಡಿದಾಗಲೆಲ್ಲ ಸುಮಾರು ಇನ್ನೂರು ಅಂಕದಷ್ಟು ಬಲ ಏರುತ್ತಿತ್ತು. ಎಷ್ಟು ಅಚ್ಚುಕಟ್ಟಾದ ನಿಯಮವೆಂದರೆ, ಯಂತ್ರ ಇಷ್ಟು ವೇಗವಾದರೆ ಇಂಥ ವರ್ಷ ವಿಶ್ವ ಚಾಂಪಿಯನ್ ಸೋಲುತ್ತಾನೆ ಎಂದು ಗೆರೆ ಎಳೆದು ಹೇಳಲು ಜನ ಮುಂದಾದರು. ಆದರೆ ತನ್ನ ನೆರಳಿನೊಡನೆ ಕುಸ್ತಿಯಾಡುವವನಿಗೆ ನೆರಳಿನ ಪಟ್ಟುಗಳೆಲ್ಲ ಗೊತ್ತು. ಇಬ್ಬರದೂ ಒಂದೇ ತಿಳಿವಳಿಕೆ, ಒಂದೇ ಅಜ್ಞಾನ. ಒಂದು ಮೆಟ್ಟಿಲು ಹೆಚ್ಚು ನೋಡುವವನಿಗೆ ಇನ್ನೊಬ್ಬ ನೋಡಿದ್ದೆಲ್ಲವೂ ಕಾಣುತ್ತದೆ. ಬೇರೆ ಎದುರಾಳಿಗಳ ಮೇಲೆ ಅದೇ ಏರಿಕೆ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಸ್ವೀಡನ್ನಿನ ಸಂಜೆಗಳು

ಎಂಬತ್ತರ ದಶಕದಲ್ಲಿ ಚದುರಂಗದ ಕಂಪ್ಯೂಟರ್ ಪ್ರಯೋಗಾಲಯ ಬಿಟ್ಟು ಅಂಗಡಿಗೆ ಬಂತು. ಫಿಡೆಲಿಟಿ, ಮೆಫಿಸ್ಟೊ, ನೋವಾಗ್ ಮೊದಲಾದ ಹೆಸರುಗಳಲ್ಲಿ ಮಣೆಯ ಜೊತೆಗೇ ಯಂತ್ರ ಸೇರಿದ ಪೆಟ್ಟಿಗೆಗಳು ಮಾರಾಟವಾಗತೊಡಗಿದವು. ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಬಲ? ಹೀಗಾಗಿ ರೇಟಿಂಗ್ ಎಂಬುದು ಜಾಹೀರಾತಿನ ಸರಕಾಯಿತು. ಸಾಬೂನಿನ ಪೊಟ್ಟಣದ ಮೇಲಿನ ಮಾತನ್ನು ಎಷ್ಟು ನಂಬಬಹುದೋ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನೂ ಅಷ್ಟೇ ನಂಬಬಹುದಾಗಿತ್ತು.

ಇದಕ್ಕೆ ಉತ್ತರ ಬಂದದ್ದು ಕಂಪನಿಗಳಿಂದಲೂ ಅಲ್ಲ, ವಿಶ್ವವಿದ್ಯಾಲಯಗಳಿಂದಲೂ ಅಲ್ಲ. ಸ್ವೀಡನ್ನಿನ ಚೆಸ್ ಕಂಪ್ಯೂಟರ್ ಸಂಘದ ಹವ್ಯಾಸಿಗಳು ತಮ್ಮ ತಮ್ಮ ಮನೆಗಳಲ್ಲಿ ಎರಡು ಯಂತ್ರಗಳನ್ನು ಎದುರುಬದುರು ಇಟ್ಟು ಆಡಿಸತೊಡಗಿದರು. ಒಂದರ ನಡೆಯನ್ನು ಇನ್ನೊಂದಕ್ಕೆ ಕೈಯಾರೆ ಒತ್ತಿ ತಿಳಿಸಬೇಕು. ಮಿಂಚಿನಾಟವಲ್ಲ, ಎರಡು ಗಂಟೆಗೆ 40 ನಡೆಗಳ ಪೂರ್ಣ ಪಂದ್ಯಾವಳಿ ಕಾಲ. ಒಂದೇ ಆಟಕ್ಕೆ ಒಂದು ಸಂಜೆ ಸಾಲದು. ಎರಡು ಯಂತ್ರಗಳಿಗೆ ತಂತಿ ಬಿಗಿದು ತಾವಾಗಿ ಆಡುವಂತೆ ಮಾಡುವ ಸೌಲಭ್ಯ ಬಂದದ್ದು ಆಮೇಲೆ. ಹೀಗೆ ಕೂಡಿಟ್ಟ ಸಾವಿರಾರು ಆಟಗಳಿಂದ ಅವರು ಒಂದು ಪಟ್ಟಿ ಮಾಡಿದರು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಎಷ್ಟು ಆಟಗಳಿಂದ ಬಂದದ್ದು, ಎಷ್ಟು ಅಂಕ ಹೆಚ್ಚುಕಡಿಮೆ ಇರಬಹುದು ಎಂದೂ ಬರೆದರು. ಪ್ರೋಗ್ರಾಮಿನ ಹೆಸರಿನ ಜೊತೆಗೆ ಅದು ಓಡಿದ ಯಂತ್ರದ ಹೆಸರನ್ನೂ ನಮೂದಿಸಿದರು. ಏಕೆಂದರೆ ಯಂತ್ರದ ವೇಗ ಇಮ್ಮಡಿಯಾದರೆ ಅದೇ ಪ್ರೋಗ್ರಾಂ ಸುಮಾರು 50ರಿಂದ 70 ಅಂಕ ಮೇಲೇರುತ್ತದೆ ಎಂಬುದು ಆ ಕಾಲದ ಲೆಕ್ಕ. ಅಳೆದದ್ದು ಸವಾರನನ್ನೋ ಕುದುರೆಯನ್ನೋ ಎಂದು ಹೇಳಲೇಬೇಕಾಗಿತ್ತು.

ಸಂಘದ ನಿಷ್ಠೆಗೆ ಇನ್ನೊಂದು ಉದಾಹರಣೆ ಸಾಕು. ಪಟ್ಟಿಯನ್ನು ಮನುಷ್ಯರ ರೇಟಿಂಗ್‌ಗೆ ಜೋಡಿಸಲು 1987ರಿಂದ 1991ರವರೆಗೆ ಸ್ವೀಡನ್ನಿನ ಆಟಗಾರರೊಡನೆ ಮುನ್ನೂರಕ್ಕೂ ಹೆಚ್ಚು ಆಟಗಳನ್ನು ಆಡಿಸಲಾಗಿತ್ತು. ಆಮೇಲೆ ಯಂತ್ರಗಳು ಯಂತ್ರಗಳೊಡನೆಯೇ ಆಡುತ್ತ ಹೋದಂತೆ ಪಟ್ಟಿ ಮೇಲಕ್ಕೆ ತೇಲಿತು. ಪಕ್ಕದೂರಿನ ಸೇರಿನ ಸಮಸ್ಯೆಯೇ ಇದು. 2000ದಲ್ಲಿ ಸಂಘ ಪಟ್ಟಿಯಲ್ಲಿದ್ದ ಎಲ್ಲ ಯಂತ್ರಗಳ ರೇಟಿಂಗ್‌ನಿಂದ ಒಂದೇ ಏಟಿಗೆ 100 ಅಂಕ ಕಳೆದುಬಿಟ್ಟಿತು. ಅಂತರಗಳು ಹಾಗೆಯೇ ಉಳಿದವು. ಸಂಖ್ಯೆಗಳು ಮಾತ್ರ ನೆಲಕ್ಕೆ ಹತ್ತಿರ ಬಂದವು. ತಮ್ಮ ತಕ್ಕಡಿಯಲ್ಲಿ ದೋಷವಿದೆ ಎಂದು ತಾವೇ ಒಪ್ಪಿ ಸರಿಪಡಿಸುವ ವರ್ತಕರು ಅಪರೂಪ.

ಆರು ಆಟಗಳಲ್ಲಿ ಏನು ತಿಳಿಯುತ್ತದೆ?

ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಸ್ವೀಡನ್ನಿನ ಸಾವಿರಾರು ಆಟಗಳನ್ನಲ್ಲ, ನ್ಯೂಯಾರ್ಕಿನ ಆರು ಆಟಗಳನ್ನು. ಐಬಿಎಂನ ‘ಡೀಪ್ ಬ್ಲೂ’ 1996ರಲ್ಲಿ ಫಿಲಡೆಲ್ಫಿಯದಲ್ಲಿ ಗ್ಯಾರಿ ಕಾಸ್ಪರೋವ್ ಎದುರು 2-4ರಿಂದ ಸೋತಿತ್ತು. 1997ರ ಮೇ ತಿಂಗಳಲ್ಲಿ, ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ಹೊಸ ರೂಪದಲ್ಲಿ ಬಂದು 3½-2½ರಿಂದ ಗೆದ್ದಿತು. ಎರಡನೆಯ ಆಟವನ್ನು ಕಾಸ್ಪರೋವ್ ಡ್ರಾ ಮಾಡಿಕೊಳ್ಳಬಹುದಾಗಿದ್ದ ಸ್ಥಿತಿಯಲ್ಲಿ ಬಿಟ್ಟುಕೊಟ್ಟರು. ಆರನೆಯದು ಕೇವಲ 19 ನಡೆಗಳಲ್ಲಿ ಮುಗಿಯಿತು. ಕಾಸ್ಪರೋವ್ ಮರುಪಂದ್ಯ ಕೇಳಿದರು, ಐಬಿಎಂ ಒಪ್ಪಲಿಲ್ಲ. ಡೀಪ್ ಬ್ಲೂ ಮತ್ತೆಂದೂ ಆಡಲಿಲ್ಲ.

ಇದು ಮಹತ್ವದ ಘಟನೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಳತೆಯೇ? ಲೆಕ್ಕಶಾಸ್ತ್ರದ ಮಾತು ಕೇಳಿದರೆ ಆರು ಆಟಗಳಿಂದ ಬರುವ ರೇಟಿಂಗ್ ಅಂತರದಲ್ಲಿ ಆಚೆಗೆ ಇನ್ನೂರು, ಈಚೆಗೆ ಇನ್ನೂರು ಅಂಕ ತಪ್ಪಿರಬಹುದು. ನೂರು ಆಟವಾದರೆ ತಪ್ಪು ಐವತ್ತರ ಆಸುಪಾಸಿಗೆ ಇಳಿಯುತ್ತದೆ, ಹತ್ತು ಸಾವಿರವಾದರೆ ಐದಾರು ಅಂಕಕ್ಕೆ. ತಪ್ಪನ್ನು ಅರ್ಧಕ್ಕಿಳಿಸಬೇಕಾದರೆ ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಕಾಸ್ಪರೋವ್ ಅಂದು ಕುಗ್ಗಿಹೋಗಿದ್ದರು, ಯಂತ್ರ ಕುಗ್ಗುವುದಿಲ್ಲ ಎಂಬುದೂ ಬಲದ ಒಂದು ಅಂಗವೇ ಎಂದು ವಾದಿಸಬಹುದು. ಆದರೂ ಡೀಪ್ ಬ್ಲೂ ಕಾಸ್ಪರೋವ್‌ಗಿಂತ ಬಲಶಾಲಿಯಾಗಿತ್ತೆ ಎಂಬ ಪ್ರಶ್ನೆ ಆ ಯಂತ್ರದ ಜೊತೆಗೇ ಮೂಲೆ ಸೇರಿತು. ಸಾಧಾರಣ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮುಗಳ ವಿಷಯದಲ್ಲಿ ಉತ್ತರ ಸಿಗಲು ಇನ್ನೂ ಒಂದು ದಶಕ ಹಿಡಿಯಿತು. 2002ರಲ್ಲಿ ಬಹ್ರೇನಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ‘ಡೀಪ್ ಫ್ರಿಟ್ಜ್’ ಜೊತೆ 4-4ರಿಂದ ಸಮ ಮಾಡಿಕೊಂಡರೆ 2006ರಲ್ಲಿ ಬಾನ್ ನಗರದಲ್ಲಿ 2-4ರಿಂದ ಸೋತರು. ಆ ಪಂದ್ಯದ ಒಂದು ಆಟದಲ್ಲಿ ಒಂದೇ ನಡೆಯಲ್ಲಿ ಆಗುವ ಚೆಕ್‌ಮೇಟ್ ವಿಶ್ವ ಚಾಂಪಿಯನ್ನರ ಕಣ್ಣು ತಪ್ಪಿತು.

ಅಲ್ಲಿಗೆ ಮನುಷ್ಯನೆಂಬ ತೂಕದ ಕಲ್ಲು ತಕ್ಕಡಿಗೆ ಸಾಲದಾಯಿತು. ಮಾನವರಲ್ಲಿ ಅತ್ಯಧಿಕ ರೇಟಿಂಗ್ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882. ಯಂತ್ರಗಳ ಪಟ್ಟಿಗಳು 3500 ದಾಟಿ ಹೋಗಿವೆ. ಆದರೆ ಆ 3500 ಮನುಷ್ಯರ 2882ರ ಮೇಲಿನ ಮೆಟ್ಟಿಲಲ್ಲ. ಬೇರೆ ಊರಿನ ಸೇರು. ಹಳೆಯ ಕಾಲದ ರೂಢಿಯಂತೆ ಕಾಯಿಯನ್ನೋ ನಡೆಯನ್ನೋ ಬಿಟ್ಟುಕೊಟ್ಟು ಆಡಿಸಿ ನೋಡಿದ್ದುಂಟು. 2016ರಲ್ಲಿ ‘ಕೊಮೊಡೊ’ ಪ್ರೋಗ್ರಾಂ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾಗೆ ಹೀಗೆ ರಿಯಾಯಿತಿ ಕೊಟ್ಟು ನಾಲ್ಕು ಆಟ ಆಡಿ, ಮೂರು ಡ್ರಾ, ಒಂದು ಗೆಲುವು ಪಡೆಯಿತು.

ವಾಲ್ಡ್ ಅವರ ಲೆಕ್ಕ

ಇಂದಿನ ಅಳತೆ ನಡೆಯುವುದು ಮನುಷ್ಯರ ಕಣ್ಣಿನ ಆಚೆ. 2008ರಲ್ಲಿ ಹುಟ್ಟಿದ, ಯಾರು ಬೇಕಾದರೂ ಬಳಸಬಹುದಾದ ‘ಸ್ಟಾಕ್‌ಫಿಶ್’ ಪ್ರೋಗ್ರಾಮಿಗೆ 2013ರಿಂದ ಒಂದು ಪರೀಕ್ಷಾ ವ್ಯವಸ್ಥೆಯಿದೆ. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಅದಕ್ಕೆ ಎರವಲು ಕೊಡುತ್ತಾರೆ. ಯಾರೋ ಒಂದು ಸಣ್ಣ ತಿದ್ದುಪಡಿ ಸೂಚಿಸಿದರೆ, ಹಳೆಯ ರೂಪ ಮತ್ತು ಹೊಸ ರೂಪ ಪರಸ್ಪರ ಆಡುತ್ತವೆ. ಮೊದಲ ಸುತ್ತಿನಲ್ಲಿ ಪ್ರತಿ ಕಡೆಗೆ ಹತ್ತು ಸೆಕೆಂಡು, ಮೇಲೆ ನಡೆಗೊಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ಹತ್ತಾರು ಸಾವಿರ ಆಟಗಳಾದ ಮೇಲೆ ಎರಡೋ ಮೂರೋ ಅಂಕದ ಲಾಭವಿದೆಯೆಂದು ಖಚಿತವಾದರೆ ತಿದ್ದುಪಡಿಗೆ ಒಪ್ಪಿಗೆ.

ಎಷ್ಟು ಆಟಗಳಾದ ಮೇಲೆ ನಿಲ್ಲಿಸಬೇಕು? ಇದಕ್ಕೆ ಬಳಸುವ ಸೂತ್ರ ಚದುರಂಗದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಯ ಗುಣಮಟ್ಟ ಪರೀಕ್ಷಿಸಲು ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ರೂಪಿಸಿದ ವಿಧಾನ ಅದು. ಮೊದಲೇ ಇಷ್ಟು ಎಂದು ಸಂಖ್ಯೆ ಗೊತ್ತುಮಾಡದೆ, ಪ್ರತಿ ಫಲಿತಾಂಶ ಬಂದಂತೆ ಲೆಕ್ಕ ಹಾಕುತ್ತ, ಒಂದು ತೀರ್ಮಾನಕ್ಕೆ ಸಾಕಷ್ಟು ಪುರಾವೆ ಸಿಕ್ಕ ಕೂಡಲೇ ನಿಲ್ಲಿಸುವುದು. ವಾಲ್ಡ್ ಅವರ ಬದುಕು ಕೊನೆಗೊಂಡದ್ದು ನಮಗೆ ಹತ್ತಿರದಲ್ಲೇ. 1950ರ ಡಿಸೆಂಬರಿನಲ್ಲಿ ಉಪನ್ಯಾಸಗಳಿಗಾಗಿ ಭಾರತ ಪ್ರವಾಸದಲ್ಲಿದ್ದಾಗ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರೂ ಪತ್ನಿಯೂ ತೀರಿಕೊಂಡರು.

ಇಷ್ಟೆಲ್ಲ ಲೆಕ್ಕ ಬಂದ ಮೇಲೂ ಹಳೆಯ ಜಗಳ ನಿಂತಿಲ್ಲ. 2017ರ ಡಿಸೆಂಬರಿನಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್ ಸಂಸ್ಥೆ ‘ಆಲ್ಫಾಜೀರೊ’ ಎಂಬ, ತನ್ನೊಡನೆ ತಾನೇ ಆಡಿ ಕಲಿತ ವ್ಯವಸ್ಥೆಯನ್ನು ಪ್ರಕಟಿಸಿತು. ಸ್ಟಾಕ್‌ಫಿಶ್ 8ರ ಎದುರು ನೂರು ಆಟಗಳಲ್ಲಿ 28 ಗೆಲುವು, 72 ಡ್ರಾ, ಸೋಲೇ ಇಲ್ಲ. ಆದರೆ ನಡೆಗೆ ಒಂದೇ ನಿಮಿಷ ಎಂಬ ನಿಯಮದಿಂದ ಸಮಯವನ್ನು ಜಾಣತನದಿಂದ ಹಂಚಿಕೊಳ್ಳುವ ಸ್ಟಾಕ್‌ಫಿಶ್‌ನ ಶಕ್ತಿ ವ್ಯರ್ಥವಾಯಿತು, ಅದಕ್ಕೆ ಕೊಟ್ಟ ನೆನಪಿನ ಕೋಶ ತೀರಾ ಚಿಕ್ಕದು ಎಂಬ ಆಕ್ಷೇಪ ಬಂತು. ಮರು ವರ್ಷ ನಿಯಮಗಳನ್ನು ತಿದ್ದಿ ಆಡಿಸಿದ ಸಾವಿರ ಆಟಗಳ ಫಲಿತಾಂಶ ಪ್ರಕಟವಾಯಿತು: 155 ಗೆಲುವು, 6 ಸೋಲು, ಉಳಿದವು ಡ್ರಾ. ಆಲ್ಫಾಜೀರೊ ಮೇಲುಗೈ ಉಳಿಯಿತು, ಆದರೆ ಅಂತರ ಕುಗ್ಗಿತು. ಇಸ್ಕಿಯಾದಲ್ಲಿ ಆನಂದ್ ಅವರ ಗಡಿಯಾರ ಕೇಳಿದ್ದೂ ಇದೇ ಪ್ರಶ್ನೆಯನ್ನು. ಬಲಾಢ್ಯ ಪ್ರೋಗ್ರಾಮುಗಳ ನಡುವೆ ಡ್ರಾಗಳೇ ಹೆಚ್ಚಾಗಿ ಅಳತೆ ಅಸಾಧ್ಯವಾದಾಗ, ಪಂದ್ಯಗಳನ್ನು ನಡೆಸುವವರು ಬೇಕೆಂದೇ ಒಂದು ಕಡೆಗೆ ವಾಲಿದ ಆರಂಭ ಸ್ಥಿತಿಗಳನ್ನು ಆರಿಸಿ, ಎರಡೂ ಯಂತ್ರಗಳಿಗೆ ಎರಡೂ ಬಣ್ಣದಲ್ಲಿ ಒಮ್ಮೊಮ್ಮೆ ಆಡಲು ಕೊಡುತ್ತಾರೆ.

ಚದುರಂಗದಲ್ಲಿ ನಿಜವಾದ, ಯಾರೊಡನೆಯೂ ಹೋಲಿಸಬೇಕಿಲ್ಲದ ಅಳತೆ ಇರುವುದು ಒಂದೇ ಕಡೆ: ಮಣೆಯ ಮೇಲೆ ಬೆರಳೆಣಿಕೆಯ ಕಾಯಿಗಳು ಉಳಿದಾಗ. ಅಲ್ಲಿ ಪ್ರತಿ ಸ್ಥಿತಿಯ ಪೂರ್ಣ ಸತ್ಯವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಇಟ್ಟಿದೆ. 2012ರ ಹೊತ್ತಿಗೆ ಮಾಸ್ಕೋದಲ್ಲಿ ಏಳು ಕಾಯಿಗಳವರೆಗಿನ ಕೋಷ್ಟಕ ಸಿದ್ಧವಾಯಿತು. ಇದರ ಮೊದಲ ರುಚಿ ತೋರಿಸಿದವರು ಥಾಂಪ್ಸನ್. ರಾಜ-ರಾಣಿ ವಿರುದ್ಧ ರಾಜ-ಆನೆ ಉಳಿದರೆ ರಾಣಿಯ ಕಡೆಯವರು ಸುಲಭವಾಗಿ ಗೆಲ್ಲುತ್ತಾರೆಂದು ಪುಸ್ತಕಗಳು ಹೇಳುತ್ತಿದ್ದವು. 1977ರಲ್ಲಿ ಥಾಂಪ್ಸನ್‌ರ ಕೋಷ್ಟಕ ಆನೆಯ ಪರ ಆಡತೊಡಗಿದಾಗ ಪಳಗಿದ ಮಾಸ್ಟರುಗಳೂ ಗೆಲ್ಲಲಾರದೆ ಒದ್ದಾಡಿದರು. ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ನೂರು ಡಾಲರ್ ಬಾಜಿ ಕಟ್ಟಿ, 31 ನಡೆಗಳಲ್ಲಿ ಗೆಲ್ಲಬಹುದಾದ ಸ್ಥಿತಿಯನ್ನು ನಿಯಮದ 50 ನಡೆಗಳೊಳಗೆ ಗೆಲ್ಲಲಾರದೆ ಸೋತರು. ಮನೆಗೆ ಹೋಗಿ ಅಭ್ಯಾಸ ಮಾಡಿ ಬಂದರು. ಎರಡನೆಯ ಪ್ರಯತ್ನದಲ್ಲಿ ಸರಿಯಾಗಿ 50ನೆಯ ನಡೆಗೆ ಗೆದ್ದು ಬಾಜಿಯ ಹಣ ವಾಪಸು ಪಡೆದರು.

1982ರಲ್ಲಿ ಮನುಷ್ಯರ ಮಟ್ಟ ಹಿಡಿದು ಯಂತ್ರಗಳಿಗೆ ಪರೀಕ್ಷೆ ಒಡ್ಡಿದ ಇವಾನ್ ಬ್ರಾಟ್ಕೊ 2006ರಲ್ಲಿ ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿದರು. ಮಾತೇಯ್ ಗೂಯಿದ್ ಜೊತೆಗೂಡಿ, ಸ್ಟೈನಿಟ್ಜ್‌ರಿಂದ ಕ್ರಾಮ್ನಿಕ್‌ವರೆಗಿನ ವಿಶ್ವ ಚಾಂಪಿಯನ್ನರು ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಆಡಿದ ನಡೆಗಳನ್ನು ‘ಕ್ರಾಫ್ಟಿ’ ಎಂಬ ಪ್ರೋಗ್ರಾಮಿಗೆ ಕೊಟ್ಟು, ಅದರ ಆಯ್ಕೆಗಿಂತ ಅವರ ನಡೆಗಳು ಸರಾಸರಿ ಎಷ್ಟು ಕೆಳಗೆಂದು ಅಳೆದರು. ಅತಿ ಕಡಿಮೆ ತಪ್ಪಿನವರಾಗಿ ಹೊರಬಂದವರು ಕಾಸ್ಪರೋವ್ ಅಲ್ಲ, ಫಿಷರ್ ಅಲ್ಲ. 1921ರಿಂದ 1927ರವರೆಗೆ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಾಬ್ಲಾಂಕಾ. ಪ್ರಬಂಧ ಅಚ್ಚಾದ ಕೂಡಲೇ ಆಕ್ಷೇಪವೂ ಬಂತು: ಅಳೆಯಲು ಬಳಸಿದ ಕ್ರಾಫ್ಟಿ, ಅಳೆಸಿಕೊಂಡ ಚಾಂಪಿಯನ್ನರಿಗಿಂತ ದುರ್ಬಲವಾಗಿತ್ತು.